ನಿಂತ ರೈಲಿಗೆ ನನ್ನ ಮಗಳ ಕ್ಷಮಾಪಣೆ

ಮಾನ್ಯ ಪ್ರಾಂಶುಪಾಲರೇ,

ರಟ್ಟಿನ ರೈಲೊಂದರಲ್ಲಿ ಎರಡು ನಿಮಿಷ ಕುಳಿತ ಅಪರಾಧಕ್ಕಾಗಿ ಅಬುಧಾಬಿಯ ನಿಮ್ಮ ಶಾಲೆಯ ಎಂಟನೇ ತರಗತಿಯ ಸ್ಟೇಸಿ ಎಂಬ ಹುಡುಗಿ ಬರುವ ಸೋಮವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ ಲಿಖಿತ ಕ್ಷಮಾಪಣೆ ಸಲ್ಲಿಸಬೇಕು. ತಪ್ಪಿದಲ್ಲಿ ಮುಂದಿನ ತಿಂಗಳು ದುಬೈಯ ಮಿರ್ದಿಫ್‌ನಲ್ಲಿ ನಡೆಯುವ ಅಂತರಶಾಲಾ ಸಂಗೀತ ಸ್ಪರ್ಧೆಯ ತಂಡದಿಂದ ಅವಳ ಹೆಸರನ್ನು ಕೈಬಿಡಲಾಗುವುದು. ಹೀಗೆಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಆ ಹುಡುಗಿ ನನ್ನ ಮಗಳು. ಆರು ವರ್ಷದಿಂದ ವಯಲಿನ್ ಕಲಿಯುತ್ತಿದ್ದಾಳೆ. ಆ ಸ್ಪರ್ಧೆಯಲ್ಲಿ ಅವಳೊಬ್ಬಳೇ ನುಡಿಸಬೇಕಾದ ಒಂದು ನಿಮಿಷದ ಭಾಗಕ್ಕಾಗಿ ನಾಲ್ಕು ತಿಂಗಳಿಂದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಳೆ, ಪಕ್ಕದ ಮನೆಯವರು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿರುತ್ತಾರೆಂದು. ಆ ಒಂದು ನಿಮಿಷವನ್ನು ತಾವು ಈಗ ಕಿತ್ತುಕೊಳ್ಳಲು ಹೊರಟಿದ್ದೀರಿ.

ಈ ಬಗ್ಗೆ ತಮಗೆ ಎರಡು ಇ-ಮೇಲ್ ಬರೆದೆ. ಎರಡಕ್ಕೂ ಕಳಿಸಿದ ಕ್ಷಣದಲ್ಲೇ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಉತ್ತರ ಬಂತು. ಓದುವ ಮೊದಲೇ ಅಮೂಲ್ಯವೆಂದು ತಮಗೆ ಹೇಗೆ ಗೊತ್ತಾಯಿತೋ ನಾನರಿಯೆ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಏಕೆಂದು ತಾವು ಹುಬ್ಬೇರಿಸುವಂತಿಲ್ಲ. ಕಳೆದ ನವೆಂಬರ್‌ನಲ್ಲಿ ನಮ್ಮವರ ರಾಜ್ಯೋತ್ಸವದ ವೇದಿಕೆಯಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸಿ, "ಗಲ್ಫಿನ ತಾಯಂದಿರು ಕನ್ನಡದಲ್ಲಿ ಬರೆಯಬೇಕು, ನಮ್ಮ ಭಾಷೆ ಉಳಿಯುವುದು ತಾಯಂದಿರಿಂದ" ಎಂದು ಇಪ್ಪತ್ತೈದು ನಿಮಿಷ ಅಪ್ಪಣೆ ಕೊಡಿಸಿದವರು ತಾವೇ. ಮೂರನೆಯ ಸಾಲಿನಲ್ಲಿ ಕೂತು ಕೇಳಿದ ತಾಯಿಯೊಬ್ಬಳು ಈಗ ಬರೆಯುತ್ತಿದ್ದಾಳೆ. ನನ್ನ ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಕಸುಬು ಆಸ್ಪತ್ರೆಯಲ್ಲಿ ರೋಗಿಗಳ ರಕ್ತ ತೆಗೆಯುವುದು. ಚುಚ್ಚುವ ಮೊದಲು "ಸ್ವಲ್ಪ ನೋಯ್ತದೆ" ಎಂದು ಹೇಳುವ ಅಭ್ಯಾಸ ನನಗಿದೆ. ತಮಗೂ ಹೇಳಿದ್ದೇನೆ.

ಮೊದಲು ತಮ್ಮ ನಾಟಕದ ವಿಷಯ. ಓದುವವರಿಗೆ ಗೊತ್ತಿರಲಿ: ಈ ಬಾರಿಯ ವಾರ್ಷಿಕೋತ್ಸವಕ್ಕೆ ಶಾಲೆ ಆರಿಸಿಕೊಂಡದ್ದು ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಡಲತೀರದ ಪಟ್ಟಣ. ಬಿಳಿಯರ ಆಳ್ವಿಕೆ, ನಮ್ಮವರ ಬೆವರು. ಮೂರು ದೃಶ್ಯ. ಮೊದಲನೆಯದರಲ್ಲಿ ಟೌನ್ ಹಾಲಿನಲ್ಲಿ ದೊರೆಗಳ ಮನರಂಜನೆ, ಜೋಡಿ ಜೋಡಿಯಾಗಿ ಕುಣಿತ. ಎರಡನೆಯದರಲ್ಲಿ ಪಾಠ: ಸಂಗೀತದ ಮಿಸ್ಸಮ್ಮ ಒಬ್ಬಳು ಹಡಗಿನಿಂದ ಇಳಿದು, ಪಟ್ಟಣದ ಶ್ರೀಮಂತರ ಹೆಣ್ಣುಮಕ್ಕಳಿಗೆ ವಯಲಿನ್ ಕಲಿಸುತ್ತಾಳೆ. ಮೂರನೆಯದರಲ್ಲಿ ರೈಲು. ಪಟ್ಟಣದ ಗಣ್ಯರೆಲ್ಲ ರೈಲು ಕಂಪನಿಯ ಷೇರು ಕೊಳ್ಳುತ್ತಾರೆ, ಕೂಲಿಗಳು ಹಳಿ ಹಾಸುತ್ತಾರೆ, ರೈಲು ಬರುತ್ತದೆ, ಗಣ್ಯರು ಹತ್ತುತ್ತಾರೆ, ಕೂಲಿಗಳು ತಳ್ಳಿ ಟಾಟಾ ಮಾಡುತ್ತಾರೆ, ಪರದೆ. ಇದನ್ನು ಶಾಲೆಯ ಸುತ್ತೋಲೆಯಲ್ಲಿ "ಇತಿಹಾಸದಿಂದ ಮೌಲ್ಯಗಳ ಕಲಿಕೆ" ಎಂದು ಕರೆಯಲಾಗಿತ್ತು. ಯಾವ ಮೌಲ್ಯ ಎಂಬುದನ್ನು ಮುಂದೆ ನೋಡೋಣ.

ಮಿಸ್ಸಮ್ಮನ ಪಾತ್ರಕ್ಕೆ ಆಯ್ಕೆ ನಡೆದಾಗ ನಿಜವಾಗಿ ವಯಲಿನ್ ನುಡಿಸಬಲ್ಲವಳು ನನ್ನ ಮಗಳೊಬ್ಬಳೇ. ಚರ್ಚಿನ ಗಾಯನವೃಂದದ ಡ್ಯಾರಲ್ ಮಾಸ್ಟರರ ಬಳಿ ಕಲಿತವಳು. ನಾಟಕದ ಹೊಣೆ ಹೊತ್ತ ಅಮಿತಾ ಟೀಚರ್ ಅಲ್ಲಿಯೇ "ನೀನೇ ನಮ್ಮ ಮಿಸ್" ಎಂದರು. ಹುಡುಗಿ ಮನೆಗೆ ಬಂದು ಊಟ ಬಿಟ್ಟು ನನ್ನ ಹಳೆಯ ಲೇಸಿನ ರವಿಕೆ ಹುಡುಕಿದಳು. ಮರುದಿನ ಸುತ್ತೋಲೆ ಬಂತು. ಮಾತಿರುವ ಪಾತ್ರಗಳ ತಾಲೀಮು ಶಾಲೆ ಬಿಟ್ಟ ಮೇಲೆ ಐದು ಗಂಟೆಯವರೆಗೆ. ಆದ್ದರಿಂದ ಅಂಥ ಪಾತ್ರಗಳು ಸ್ವಂತ ವಾಹನವಿರುವ ಮಕ್ಕಳಿಗೆ ಮಾತ್ರ. ಬಸ್ಸಿನ ಮಕ್ಕಳಿಗೆ ಮಾತಿಲ್ಲದ ಪಾತ್ರಗಳನ್ನು "ಪ್ರೀತಿಯಿಂದ" ನೀಡಲಾಗುವುದು. ಪ್ರೀತಿ ಎಂಬ ಪದ ತಮ್ಮ ಸುತ್ತೋಲೆಯದ್ದೇ, ನಾನು ಸೇರಿಸಿದ್ದಲ್ಲ.

ಹೀಗಾಗಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾಗಳ ಮಕ್ಕಳು ದೊರೆಗಳಾದರು, ಷೇರುದಾರರಾದರು, ಮಿಸ್ಸಮ್ಮನಾದರು. ಕಾರ್ಖಾನೆಗಳ ನಡುವಿನ ಮುಸಫ್ಫಾದಿಂದ ಬರುವ ಹದಿನೇಳನೇ ನಂಬರಿನ ಬಸ್ಸಿನ ಹನ್ನೆರಡು ಮಕ್ಕಳು ಕೂಲಿಗಳಾದರು. ನೂರೈವತ್ತು ವರ್ಷದ ಹಿಂದಿನ ಪಟ್ಟಣವೊಂದನ್ನು ಇಷ್ಟು ಪ್ರಾಮಾಣಿಕವಾಗಿ ವೇದಿಕೆಗೆ ತಂದವರು ಇನ್ನೊಬ್ಬರಿರಲಾರರು. ಅಲ್ಲಾದರೂ ದೊರೆಗಳನ್ನು ಆರಿಸಲು ಒಂದು ಯುದ್ಧ ಬೇಕಾಯಿತು. ತಮಗೆ ಪಾರ್ಕಿಂಗ್ ಸ್ಟಿಕ್ಕರ್ ಸಾಕಾಯಿತು.

ನಮ್ಮಲ್ಲಿ ಕಾರಿಲ್ಲ. ನನ್ನ ಗಂಡ ಫಿಡೆಲಿಸ್ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ನಾನು ಆಸ್ಪತ್ರೆಯ ವ್ಯಾನಿನಲ್ಲಿ. ಲೈಸೆನ್ಸಿಗಾಗಿ ನಾನು ರೋಡ್ ಟೆಸ್ಟಿಗೆ ಐದು ಸಲ ಹೋಗಿದ್ದೇನೆ, ಐದು ಸಲವೂ ಫೇಲು. ಕೊನೆಯ ಸಲ ರೌಂಡಬೌಟಿನಲ್ಲಿ ಜಾಸ್ತಿ ಹೊತ್ತು ಕಾದೆನಂತೆ. "ಮೇಡಂ, ಯು ಆರ್ ಟೂ ಪೊಲೈಟ್" ಎಂದು ಪರೀಕ್ಷಕಿ ಚೀಟಿ ಬರೆದಳು. ನನ್ನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಆದರೂ ನಾನು ಕೈಕಟ್ಟಿ ಕೂರಲಿಲ್ಲ. ಟ್ಯಾಕ್ಸಿಯಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಶಾಲೆಯ ಗೇಟಿನೊಳಗೆ ಟ್ಯಾಕ್ಸಿಗೆ ಪ್ರವೇಶವಿಲ್ಲ ಎಂದರು. ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತೇನೆ ಎಂದೆ. ಪೋಷಕರ ಸುರಕ್ಷತೆಯ ದೃಷ್ಟಿಯಿಂದ ಅದಕ್ಕೂ ಅನುಮತಿಯಿಲ್ಲ ಎಂದರು. ನಮ್ಮ ಕಟ್ಟಡದ ಹಲೀಮ, ಮಂಗಳೂರಿನ ಬ್ಯಾರಿ ಹೆಂಗಸು, ಸ್ವಂತ ಕಾರಿರುವವಳು, "ಅಷ್ಟಕ್ಕೆ ಯಾಕೆ ತಲೆಬಿಸಿ, ನಾನು ಕರ್ಕೊಂಡು ಬರ್ತೇನೆ ಮಾರಾಯ್ತಿ, ಹತ್ತು ನಿಮಿಷದ ದಾರಿ" ಎಂದಳು. ಅವಳು ಮಗುವಿನ ತಾಯಿಯಲ್ಲ, ಆದ್ದರಿಂದ ಪಿಕಪ್ ಕಾರ್ಡ್ ಸಿಗದು ಎಂದರು. ಕೊನೆಗೆ ತಮ್ಮ ಕೊಠಡಿಗೇ ಬಂದೆ. ಆ ದಿನದ ಮಾತು ತಮಗೆ ಮರೆತಿರಬಹುದು, ನನಗೆ ಬಾಯಿಪಾಠ ಆಗಿದೆ.

"ನೋಡಿ ಮೇಡಂ, ಇದು ಲಾಜಿಸ್ಟಿಕ್ಸ್ ವಿಷಯ. ಭೇದಭಾವ ಅಲ್ಲ," ಎಂದಿರಿ ತಾವು.

"ಹಾಗಾದ್ರೆ ತಾಲೀಮಿನ ದಿನ ಐದು ಗಂಟೆಗೆ ಒಂದು ಬಸ್ ಬಿಡ್ಲಿಕ್ಕೆ ಆಗ್ತದಲ್ಲ ಸರ್?"

"ಒಂದು ಮಗುವಿಗೋಸ್ಕರ ಬಸ್ಸಾ?"

"ಹನ್ನೆರಡು ಮಕ್ಕಳು ಸರ್."

"ಅವರಿಗೆ ತಾಲೀಮು ಬೇಡ ಮೇಡಂ. ಅವರದ್ದು ಕೂಲಿ ಪಾರ್ಟ್ ಅಲ್ವಾ?"

ಈ ತರ್ಕವನ್ನು ಮನಸ್ಸಿನಲ್ಲೇ ಬರೆದುಕೊಂಡೆ: ಬಸ್ಸಿಲ್ಲದ್ದರಿಂದ ಕೂಲಿ, ಕೂಲಿಯಾದ್ದರಿಂದ ಬಸ್ಸಿಲ್ಲ. ಎದ್ದು ಬರುವಾಗ ತಾವು ಇನ್ನೊಂದು ಮಾತು ಹೇಳಿದಿರಿ: "ಅಂದಹಾಗೆ, ನಿಮ್ಮ ಹಸ್ಬೆಂಡ್ ಮುಸಫ್ಫಾದಲ್ಲಿ ಫ್ಯಾಬ್ರಿಕೇಷನ್ ಅಲ್ವಾ? ಅಮಿತಾ ಟೀಚರ್ ಅವರನ್ನು ಹುಡುಕ್ತಿದ್ರು."

ಹುಡುಕಿದ್ದು ಯಾಕೆಂದರೆ ರೈಲಿಗೆ ಚಕ್ರ ಬೇಕಿತ್ತು. ನನ್ನ ಗಂಡ ಕೆಲಸ ಮಾಡುವುದು ರೈಲು ಹಳಿಯ ಪಕ್ಕದ ಕಬ್ಬಿಣದ ಬೇಲಿ ತಯಾರಿಸುವ ವರ್ಕ್‌ಶಾಪಿನಲ್ಲಿ. ಈ ದೇಶದಲ್ಲಿ ಓಡಲಿರುವ ನಿಜವಾದ ರೈಲಿನಲ್ಲಿ ಅವರ ಪಾಲು ಅಷ್ಟು. ಇಲ್ಲವೆನ್ನಲು ಬಾರದ ಮನುಷ್ಯ. ಎರಡು ಭಾನುವಾರದ ರಜೆಯನ್ನು ಬಿಟ್ಟು, ಮಾಲೀಕರ ಅಪ್ಪಣೆ ಕೇಳಿ, ಉಳಿದ ಪೈಪುಗಳನ್ನು ಬೆಸುಗೆ ಹಾಕಿ, ಎರಡು ಬೋಗಿಗಳ ಚೌಕಟ್ಟು ಮಾಡಿ, ಕೆಳಗೆ ಟ್ರಾಲಿಯ ಚಕ್ರ ಹಾಕಿ ಕಳಿಸಿದರು. ಒಂದೊಂದರಲ್ಲಿ ಹನ್ನೆರಡು ಮಕ್ಕಳು ಕೂರುವಷ್ಟು ಬೆಂಚು. ನೆನಪಿಡಿ ಮಾನ್ಯರೇ, ಸ್ವಂತ ವಾಹನವಿಲ್ಲದವನ ಕೈಯಿಂದ ತಾವು ರೈಲು ಮಾಡಿಸಿಕೊಂಡಿರಿ. ಅದಾದ ಮೇಲೆ ಕೂಲಿಗಳಿಗೆ ವೇಷ ಬೇಕೆಂದು ವರ್ಕ್‌ಶಾಪಿನ ಹನ್ನೆರಡು ಜಾಕೆಟ್ ಕೇಳಿದಿರಿ, ಅದೂ ಬಂತು. ವಿಕ್ಟೋರಿಯಾ ರಾಣಿಯ ಕಾಲದ ಕೂಲಿಗಳು ಹೊಳೆಯುವ ರೇಡಿಯಂ ಪಟ್ಟಿಯ ಕಿತ್ತಳೆ ಜಾಕೆಟ್ ತೊಟ್ಟು ವೇದಿಕೆಗೆ ಬಂದಾಗ ಇಡೀ ಸಭೆಯಲ್ಲಿ ಒಬ್ಬರಿಗೂ ಏನೂ ತಪ್ಪೆನಿಸಲಿಲ್ಲ. ಕೂಲಿ ಅಂದರೆ ಹೀಗೇ ಇರುತ್ತಾನೆಂದು ನಮಗೆಲ್ಲ ದಿನವೂ ಕಂಡು ಗೊತ್ತಲ್ಲ. ದೊರೆಗಳ ಟೋಪಿ ಮಾತ್ರ ಆ ಕಾಲದ್ದೇ ಆಗಬೇಕೆಂದು ದುಬೈಯಿಂದ ಬಾಡಿಗೆಗೆ ತರಿಸಿದ್ದಿರಿ. ಕಾರ್ಯಕ್ರಮದ ಕರಪತ್ರದಲ್ಲಿ ಬಲೂನು ಕೊಟ್ಟವರ ಹೆಸರಿತ್ತು, ಜ್ಯೂಸು ಕೊಟ್ಟವರ ಹೆಸರಿತ್ತು. ಫಿಡೆಲಿಸ್ ಎಂಬ ಹೆಸರು ನಾನು ಹುಡುಕಿದಷ್ಟಕ್ಕೆ ಸಿಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ನಾಟಕಕ್ಕೆ ಒಂದು ವಾರ ಇರುವಾಗ ಅಮಿತಾ ಟೀಚರ್ ನನ್ನ ಮಗಳನ್ನು ಕರೆದು, "ಸ್ಟೇಸಿ, ನಿನ್ನ ವಯಲಿನ್ ಒಂದು ದಿನದ ಮಟ್ಟಿಗೆ ತರ್ತೀಯಾ? ಸೀನಿಗೆ ಬೇಕು" ಎಂದರು. ಹುಡುಗಿ ಬೇಡ, ಅವಳ ವಯಲಿನ್ ಬೇಕು. ಗಾಯದ ಮೇಲೆ ಬರೆ ಎನ್ನುವುದು ಇದನ್ನೇ. ಕೊಡಬೇಡ ಎಂದು ನಾನು ಹಾರಾಡಿದೆ. ಅವಳು ಕೊಟ್ಟಳು. ಮಿಸ್ಸಮ್ಮನಾದ ಮಗುವಿನ ಮೇಲೆ ನನಗೆ ಏನೂ ಸಿಟ್ಟಿಲ್ಲ, ಪಾಪದ ಹುಡುಗಿ, ತಾನಾಗಿ ಕೇಳಿದ್ದಲ್ಲ. ವಯಲಿನ್ನನ್ನು ಬಲ ಭುಜದ ಮೇಲಿಟ್ಟುಕೊಂಡಿತ್ತಂತೆ. ಪರದೆಯ ಹಿಂದೆ ಸ್ಟೇಸಿಯೇ ಅದನ್ನು ಎಡಕ್ಕೆ ಇಡಿಸಿ, ಬಿಲ್ಲು ಹಿಡಿಯುವುದು ತೋರಿಸಿಕೊಟ್ಟು, ತನ್ನ ಕಿತ್ತಳೆ ಜಾಕೆಟ್ ತೊಟ್ಟು ಹಳಿ ಹೊರಲು ಹೋದಳು. ಸಂಗೀತ ಬಂದದ್ದು ರೆಕಾರ್ಡಿನಿಂದ. ಅಂದು ಆ ಶಾಲೆಯಲ್ಲಿ ನಡೆದ ಒಂದೇ ಒಂದು ನಿಜವಾದ ಸಂಗೀತ ಪಾಠ ಅದು, ಮತ್ತು ಅದು ನಡೆದದ್ದು ಪರದೆಯ ಹಿಂದೆ.

ಈಗ ಷೇರಿನ ದೃಶ್ಯ. "ಧೈರ್ಯವಂತ ಹೂಡಿಕೆದಾರರಿಗೆ ಜಯವಾಗಲಿ, ಅವರಿಲ್ಲದೆ ರೈಲಿಲ್ಲ" ಎಂದು ಗಣ್ಯರು ಇಂಗ್ಲಿಷಿನಲ್ಲಿ ಹಾಡಿದರು. ನಾನು ಇತಿಹಾಸ ಓದಿದವಳಲ್ಲ. ಆದರೆ ತಮ್ಮದೇ ಲೈಬ್ರರಿಯ ಪುಸ್ತಕ ನೋಡಿ ನನ್ನ ಮಗಳು ಮನೆಯಲ್ಲಿ ಹೇಳಿದ್ದು ಇಷ್ಟು: ಆ ಕಾಲದಲ್ಲಿ ನಮ್ಮ ದೇಶದ ರೈಲು ಕಂಪನಿಗಳಲ್ಲಿ ದುಡ್ಡು ಹಾಕಿದವರಿಗೆ ರೈಲು ಓಡಲಿ ಬಿಡಲಿ ನೂರಕ್ಕೆ ಐದು ಖಾತ್ರಿ. ಲಾಭ ಕಡಿಮೆ ಬಿದ್ದರೆ ಸರಕಾರ ತುಂಬಿಕೊಡಬೇಕು, ಸರಕಾರ ತುಂಬುವುದು ಜನರ ತೆರಿಗೆಯಿಂದ. ಅಂದರೆ ಹಳಿ ಹೊತ್ತವನೇ ಷೇರುದಾರನ ನಷ್ಟವನ್ನೂ ಹೊತ್ತ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇದರಲ್ಲಿ ಧೈರ್ಯ ಎಲ್ಲಿಂದ ಬಂತು ಎಂದು ಹುಡುಗಿ ಅಮಿತಾ ಟೀಚರನ್ನು ಕೇಳಿದಳಂತೆ. "ಅದು ಪೋರ್ಷನ್ನಿನಲ್ಲಿ ಇಲ್ಲ" ಎಂಬ ಉತ್ತರ ಸಿಕ್ಕಿತು. ಪೋರ್ಷನ್ನಿನಲ್ಲಿ ಇಲ್ಲದ್ದು ಬಹಳ ಇದೆ ಎಂದು ಅವಳು ಆಗಲೇ ಅರ್ಥ ಮಾಡಿಕೊಂಡಿರಬೇಕು.

ಕೊನೆಗೆ ರೈಲು. ಗಣ್ಯರೆಲ್ಲ ಮೊದಲನೆಯ ಬೋಗಿಗೆ ನುಗ್ಗಿ ಕೂತರು. ಎರಡನೆಯದು ಪೂರ್ತಿ ಖಾಲಿ, ನೋಡಲು ಉದ್ದ ಕಾಣಲಿ ಎಂದು ಸಿಕ್ಕಿಸಿದ್ದು. ಹನ್ನೆರಡು ಕೂಲಿಗಳು ಹಿಂದಿನಿಂದ ತಳ್ಳಬೇಕು, ರೈಲು ವೇದಿಕೆಯ ಈ ಕಡೆಯಿಂದ ಆ ಕಡೆಗೆ ಹೋಗಬೇಕು, ಅಷ್ಟರಲ್ಲಿ ಮುಖ್ಯ ಅತಿಥಿಗಳು ಹಸಿರು ಬಾವುಟ ಬೀಸಬೇಕು. ಸಿಳ್ಳೆಯಾಯಿತು. ಬಾವುಟ ಬೀಸಿದರು. ನನ್ನ ಮಗಳು ಬೋಗಿಯ ಹಿಂದೆ ಹೋದವಳು ಒಂದು ಗಳಿಗೆ ನಿಂತಳು. ಆಮೇಲೆ ಸುತ್ತಿ ಬಂದು, ಮೆಟ್ಟಿಲು ಹತ್ತಿ, ಖಾಲಿ ಬೋಗಿಯ ಕಿಟಕಿ ಪಕ್ಕ ಕೂತಳು. ಜಾಕೆಟ್ಟಿನ ಪಟ್ಟಿ ಲೈಟಿಗೆ ಹೊಳೆಯಿತು. ಉಳಿದ ಹನ್ನೊಂದು ಮಕ್ಕಳು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಹತ್ತಿದರು. ಗಲಾಟೆಯಿಲ್ಲ, ನೂಕಾಟವಿಲ್ಲ, ಬಸ್ಸು ಹತ್ತುವ ಶಿಸ್ತು ದಿನವೂ ಇರುವ ಮಕ್ಕಳು. ರೈಲು ನಿಂತಲ್ಲೇ ನಿಂತಿತು. ಮುಖ್ಯ ಅತಿಥಿಗಳು ಬಾವುಟ ಬೀಸುತ್ತಲೇ ಇದ್ದರು. ಹಿಂದಿನ ಸಾಲುಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ನಾನಲ್ಲ, ನಾನು ಅಳುತ್ತಿದ್ದೆ.

ಇದಕ್ಕೆ ತಮ್ಮ ಪತ್ರದಲ್ಲಿ ಮೂರು ಆರೋಪ. ಅಶಿಸ್ತು, ಅತಿಥಿಗೆ ಅವಮಾನ, ಶಾಲೆಯ ಆಸ್ತಿಗೆ ಹಾನಿ. ಹಾನಿಯೆಂದರೆ ಎರಡನೆಯ ಬೋಗಿಯ ಒಂದು ಚಕ್ರ ಸೊಟ್ಟಗಾಗಿದೆ. ಆ ಆಸ್ತಿಯನ್ನು ತಯಾರಿಸಿದವನ ಮಗಳ ಮೇಲೆ ಆ ಆಸ್ತಿಯ ಹಾನಿಯ ಆರೋಪ. ಕೇಳಲು ಎಷ್ಟು ಚಂದ. ಚಕ್ರವನ್ನು ಅವಳಪ್ಪ ಮರುದಿನವೇ ಬಂದು, ಗೇಟಿನಲ್ಲಿ ಅರ್ಧ ಗಂಟೆ ಕಾದು, ಸರಿಮಾಡಿ ಹೋಗಿದ್ದಾರೆ. ಅತಿಥಿಗೆ ಅವಮಾನವಾಯಿತೇ? ಅವರು ಪೂರಾ ರೈಲನ್ನೇ ತಳ್ಳುವವರು ಯಾರೆಂದು ಕಣ್ಣಾರೆ ನೋಡಿದರು. ನಮ್ಮ ಮಕ್ಕಳ ಶಾಲೆಯಲ್ಲಿ ಅಂಥ ಪಾಠ ಪುಕ್ಕಟೆ ಸಿಗುವುದು ಅಪರೂಪ.

ನನ್ನ ಗಂಡನ ಮಾತನ್ನೂ ಬರೆಯಬೇಕು, ಇಲ್ಲದಿದ್ದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅವರಿಗೆ ಹೆದರಿಕೆ. ಇಲ್ಲಿ ಶಾಲೆಯಲ್ಲಿ ಸೀಟು ಸಿಗುವುದು ಸುಲಭವಲ್ಲ, ಕಾಯುವ ಪಟ್ಟಿ ಉದ್ದ ಇದೆ. "ಬರ್ದು ಕೊಡು ಪುತಾ, ಸಾರಿ ಹೇಳಿದ್ರೆ ಏನು ಬಾಯಿ ಸವೆಯುದಿಲ್ಲ. ಖಲಾಸ್ ಮಾಡು," ಎಂದರು ಊಟದ ಹೊತ್ತಿಗೆ. ಮಗಳು ಉತ್ತರ ಕೊಟ್ಟದ್ದು ಇಂಗ್ಲಿಷಿನಲ್ಲಿ, ಇಲ್ಲಿನ ಮಕ್ಕಳ ಅಭ್ಯಾಸ ಅದು: "ಸಾರಿ ಫಾರ್ ವಾಟ್, ಡ್ಯಾಡಿ?" ಅವರು ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸಿದರು. ಆಮೇಲೆ, "ಆ ಬೆಂಚು ಗಟ್ಟಿ ಇತ್ತಲ್ಲ? ಅಲುಗಾಡ್ಲಿಲ್ಲ ಅಲ್ಲ?" ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಮೀನಿನ ಸಾರು ಇನ್ನೊಂದು ಸೌಟು ಹಾಕಿಸಿಕೊಂಡರು.

ಇನ್ನು ತಮ್ಮ ಶಿಕ್ಷೆಯ ವಿಚಾರ. ಮಿರ್ದಿಫ್‌ನ ಸ್ಪರ್ಧೆಗೆ ತಂಡವನ್ನು ಕರೆದೊಯ್ಯಲು ಶಾಲೆಯಿಂದ ಬಸ್ಸಿದೆ. ಅಬುಧಾಬಿಯಿಂದ ದುಬೈಗೆ ಹೋಗಿ, ಸ್ಪರ್ಧೆ ಮುಗಿಯುವವರೆಗೆ ಕಾದು, ಮಕ್ಕಳನ್ನೆಲ್ಲ ವಾಪಸು ತಂದು ಅವರವರ ಕಟ್ಟಡದ ಕೆಳಗೆ ಇಳಿಸುವ ಬಸ್ಸು. ಅದಕ್ಕೆ ಲಾಜಿಸ್ಟಿಕ್ಸ್ ಅಡ್ಡ ಬರಲಿಲ್ಲ. ಟ್ರೋಫಿ ತರಲು ನೂರೈವತ್ತು ಕಿಲೋಮೀಟರು ಓಡುವ ಬಸ್ಸು, ಮಕ್ಕಳ ತಾಲೀಮಿಗೆ ಹತ್ತು ನಿಮಿಷ ಓಡುವುದಿಲ್ಲ. ಇದನ್ನು ನಾನು ಏನೆಂದು ಕರೆಯಲಿ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನನ್ನ ಕನ್ನಡ ಮಾಸ್ಟರರು ಹೇಳಿಕೊಟ್ಟಿದ್ದರು. ತಮ್ಮ ಭಾಷಣದ ಮಟ್ಟದ ಕನ್ನಡ ನನಗೆ ಬಾರದು, ಗಾದೆಯಿಂದಲೇ ಸುಧಾರಿಸಿಕೊಳ್ಳಿ.

ನನ್ನ ಬೇಡಿಕೆ ಹೆಚ್ಚೇನಿಲ್ಲ. ತಮ್ಮ ಪತ್ರವನ್ನು ಹಿಂತೆಗೆದುಕೊಳ್ಳಿ. ನನ್ನ ಮಗಳ ಹೆಸರು ತಂಡದಲ್ಲಿ ಇದ್ದಲ್ಲೇ ಇರಲಿ. ಮುಂದಿನ ವರ್ಷದಿಂದ ತಾಲೀಮಿನ ದಿನ ಐದು ಗಂಟೆಗೆ ಮುಸಫ್ಫಾದ ಕಡೆಗೆ ಒಂದು ಬಸ್ಸು ಹೊರಡಲಿ, ಆಗ ಯಾರು ದೊರೆ, ಯಾರು ಕೂಲಿ ಎಂಬುದನ್ನು ಮಕ್ಕಳ ಗಂಟಲು, ಕೈ, ಕಾಲು ನೋಡಿ ಆರಿಸಿ. ಪ್ರತಿಭೆಯಿಲ್ಲವೆಂದು ಕೂಲಿ ಮಾಡಿದರೆ ನಾನು ತುಟಿ ಬಿಚ್ಚುವುದಿಲ್ಲ. ಗೇಟಿನಲ್ಲಿ ಕಾರಿಲ್ಲವೆಂದು ಮಾಡಿದರೆ, ಹೀಗೇ ಬರೆಯುತ್ತೇನೆ, ಪ್ರತಿ ವರ್ಷ ಬರೆಯುತ್ತೇನೆ, ತಾಯಂದಿರಿಂದಲೇ ಭಾಷೆ ಉಳಿಯಬೇಕಲ್ಲ.

ಕ್ಷಮಾಪಣೆಗೆ ಸೋಮವಾರದವರೆಗೆ ಕಾಯಿಸುವುದಿಲ್ಲ. ಅಪ್ಪನ ಮಾತು ಮೀರಬಾರದೆಂದು ಹುಡುಗಿ ನಿನ್ನೆಯೇ ಬರೆದಿಟ್ಟಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ, ನಾನು ಹೇಳಿಕೊಟ್ಟಿದ್ದರೆ ನಾಲ್ಕು ಪುಟ ಆಗುತ್ತಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಒಂದು ಮಾತೂ ಬದಲಿಸದೆ ಕನ್ನಡಕ್ಕೆ ತಂದು ಇಲ್ಲಿ ಇಟ್ಟಿದ್ದೇನೆ. ಇದರಲ್ಲಿ ಯಾವ ತಪ್ಪಿಗೆ ಕ್ಷಮೆ ಕೇಳಿದ್ದಾಳೆಂದು ಕಂಡುಹಿಡಿದು, ಅದನ್ನು ತಾವೇ ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲರೆದುರು ಓದಿ ಹೇಳಬೇಕೆಂದು ಪ್ರಾರ್ಥನೆ.

"ಮಾನ್ಯ ಸರ್, ರೈಲು ಹೋಗದೆ ಇದ್ದದ್ದಕ್ಕೆ ಕ್ಷಮಿಸಿ. ತಳ್ಳಬೇಕೆಂದೇ ಹಿಂದೆ ಹೋದೆ. ಅಲ್ಲಿಂದ ನೋಡಿದಾಗ ಬೋಗಿ ಖಾಲಿ ಇತ್ತು. ಆ ಬೆಂಚು ನನ್ನ ಡ್ಯಾಡಿ ಮಾಡಿದ್ದು. ಹನ್ನೆರಡು ಜನರಿಗೆ ಜಾಗ ಇತ್ತು. ನಾವು ಹನ್ನೆರಡೇ ಜನ ಇದ್ದೆವು."

ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಆದ್ದರಿಂದ

ಇಂತಿ,
ರೋಡ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿ ಆರನೆಯ ಸಲಕ್ಕೆ ಹೆಸರು ಕೊಟ್ಟಿರುವ,
ಹದಿನೇಳನೇ ನಂಬರಿನ ಬಸ್ಸಿನ ಒಬ್ಬ ತಾಯಿ,
ಸುಸನ್, ಮುಸಫ್ಫಾ